ನಾಲ್ಕು ಸೀಟು ಒಟ್ಟಿಗೆ ಸಿಗಬೇಕಲ್ಲ! ಕಾರ್ಡ್ ಪಾಯಿಂಟ್‌ನಲ್ಲಿ ಕುಟುಂಬ ಪ್ರವಾಸ, ದೀರ್ಘ ಬಳಕೆಯ ವಿಮರ್ಶೆ

ಕ್ರೆಡಿಟ್ ಕಾರ್ಡಿನ ರಿವಾರ್ಡ್ ಪಾಯಿಂಟ್ ಬಳಸಿ ಒಬ್ಬರೇ ಹಾರುವುದು ಸುಲಭ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಒಂದೇ ವಿಮಾನದಲ್ಲಿ, ಅದೂ ಶಾಲೆಗೆ ರಜೆ ಇರುವಾಗಲೇ ಹೋಗಬೇಕೆಂದರೆ ಲೆಕ್ಕವೇ ಬೇರೆ. ಈ ವಿಮರ್ಶೆ ಅಂಥ ನಾಲ್ವರಿಗಾಗಿ. ಇಲ್ಲಿ ಮಾತು ವಿಮಾನ ಕಂಪನಿ ಮತ್ತು ಹೋಟೆಲ್‌ಗಳ ಲಾಯಲ್ಟಿ ಖಾತೆಗೆ (ಕಾಯಂ ಗ್ರಾಹಕರ ಪಾಯಿಂಟ್ ಕೂಡುವ ಖಾತೆ) ಪಾಯಿಂಟ್ ವರ್ಗಾಯಿಸಲು ಬಿಡುವ ಕಾರ್ಡ್‌ಗಳ ಬಗ್ಗೆ ಮಾತ್ರ. ಬ್ಯಾಂಕಿನ ಕ್ಯಾಟಲಾಗಿನಿಂದ ಚೀಲವನ್ನೋ ಗಿಫ್ಟ್ ವೋಚರನ್ನೋ ಆರಿಸಿಕೊಳ್ಳಬೇಕಾದ ಕಾರ್ಡ್ ಪ್ರವಾಸಕ್ಕೆ ದಂಡ. ಅದರ ಬದಲು ಕ್ಯಾಶ್‌ಬ್ಯಾಕ್ ಕಾರ್ಡೇ ವಾಸಿ.

ಪ್ರತಿ ತಿಂಗಳೂ ಬಿಲ್ ಪೂರ್ತಿ ಕಟ್ಟದವರು ಇಲ್ಲಿಗೇ ಓದು ನಿಲ್ಲಿಸಬಹುದು. ಪಾಯಿಂಟ್‌ನಿಂದ ಬರುವುದು ಸಾಮಾನ್ಯವಾಗಿ ಖರ್ಚಿನ ಶೇ. 1ರಿಂದ 3. ಬಾಕಿಯ ಮೇಲಿನ ವಾರ್ಷಿಕ ಬಡ್ಡಿ ಶೇ. 20 ದಾಟುವುದು ಮಾಮೂಲು. ಕನಿಷ್ಠ ಮೊತ್ತವಷ್ಟೇ ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ.

ಪಾಯಿಂಟ್ ಎಷ್ಟು ಬೀಳುತ್ತದೆ ಎಂಬುದು ನೀವು ಏನು ಕೊಂಡಿರಿ ಎಂಬುದರ ಮೇಲಲ್ಲ, ಅಂಗಡಿಯ ಸ್ವೈಪ್ ಯಂತ್ರಕ್ಕೆ ಅಂಟಿದ ನಾಲ್ಕಂಕಿಯ ವ್ಯಾಪಾರಿ ಕೋಡಿನ ಮೇಲೆ ನಿಂತಿದೆ. ದಿನಸಿಗೆ 5411, ರೆಸ್ಟೋರೆಂಟಿಗೆ 5812, ಹೋಟೆಲಿಗೆ 7011, ಟ್ರಾವೆಲ್ ಏಜೆನ್ಸಿಗೆ 4722. ಹೋಟೆಲ್ ರೂಮನ್ನೇ ಬುಕ್ ಮಾಡಿದರೂ ಏಜೆನ್ಸಿಯ ಜಾಲತಾಣದಲ್ಲಿ ಹಣ ಕೊಟ್ಟರೆ ಕೋಡ್ 4722 ಆಗುತ್ತದೆ, ‘ಹೋಟೆಲ್ ಖರ್ಚಿಗೆ ಐದು ಪಟ್ಟು’ ಎಂಬ ಆಸೆ ಅಲ್ಲಿಗೆ ಮುಗಿಯಿತು. ಬಾಡಿಗೆ, ಇಂಧನ, ವ್ಯಾಲೆಟ್ ತುಂಬಿಸುವುದು, ಇವಕ್ಕೆ ಎಷ್ಟೋ ಕಾರ್ಡ್‌ಗಳು ಪಾಯಿಂಟ್ ಕೊಡುವುದೇ ಇಲ್ಲ. ಸರಕು ವಾಪಸ್ ಮಾಡಿದರೆ ಬಂದ ಪಾಯಿಂಟೂ ವಾಪಸ್ ಹೋಗುತ್ತದೆ.

ಇನ್ನು ಬೆಲೆ ಕಟ್ಟುವ ವಿಧಾನ. ಟಿಕೆಟಿನ ನಗದು ದರದಿಂದ, ಪಾಯಿಂಟ್ ಟಿಕೆಟಿಗೂ ಕೈಯಿಂದ ಕಟ್ಟಬೇಕಾದ ತೆರಿಗೆ ಮತ್ತು ಸರ್‌ಚಾರ್ಜ್ ಕಳೆಯಿರಿ. ಉಳಿದದ್ದನ್ನು ಬೇಕಾಗುವ ಪಾಯಿಂಟ್‌ಗಳಿಂದ ಭಾಗಿಸಿ. ನಗದು ದರ 40,000 ರೂಪಾಯಿ, ತೆರಿಗೆ 9,000 ರೂಪಾಯಿ, ಪಾಯಿಂಟ್ 25,000 ಎಂದಿಟ್ಟುಕೊಂಡರೆ ಒಂದು ಪಾಯಿಂಟಿಗೆ 1.24 ರೂಪಾಯಿ ಸಿಕ್ಕಿತು. ಕುಟುಂಬದ ಲೆಕ್ಕ ತಿರುವು ಪಡೆಯುವುದು ಇಲ್ಲೇ. 2ರಿಂದ 11 ವರ್ಷದ ಮಕ್ಕಳಿಗೆ ನಗದು ಟಿಕೆಟಿನಲ್ಲಿ ಅನೇಕ ಕಂಪನಿಗಳು ಮೂಲ ದರದ ಕಾಲು ಭಾಗ ಬಿಡುತ್ತವೆ, ಪಾಯಿಂಟ್ ಟಿಕೆಟಿಗೆ ಮಾತ್ರ ದೊಡ್ಡವರಷ್ಟೇ ಕೇಳುತ್ತವೆ. ಮೇಲಿನ ಉದಾಹರಣೆಯಲ್ಲಿ ತೆರಿಗೆ ಬಿಟ್ಟು ಉಳಿದ 31,000 ಮಗುವಿಗೆ 23,250 ಆಗುತ್ತದೆ, ಪಾಯಿಂಟಿನ ಬೆಲೆ 0.93ಕ್ಕೆ ಇಳಿಯುತ್ತದೆ. ಅದೇ ಪಾಯಿಂಟಿಗೆ ಹೋಟೆಲಿನಲ್ಲಿ 1 ರೂಪಾಯಿ ಸಿಗುವಂತಿದ್ದರೆ ಮಕ್ಕಳ ಟಿಕೆಟಿಗೆ ನಗದೇ ಸರಿ. ಏರ್ ಫ್ರಾನ್ಸ್ ಮತ್ತು ಕೆಎಲ್ಎಮ್‌ನ ಫ್ಲೈಯಿಂಗ್ ಬ್ಲೂ ಎಂಬ ಲಾಯಲ್ಟಿ ಯೋಜನೆ ಇದಕ್ಕೆ ಅಪವಾದ: ಮಕ್ಕಳ ರಿವಾರ್ಡ್ ಟಿಕೆಟಿಗೆ ಮೈಲ್ಸ್‌ನಲ್ಲೇ (ವಿಮಾನ ಕಂಪನಿಯ ಪಾಯಿಂಟ್) ಶೇ. 25 ರಿಯಾಯಿತಿ. ಮಡಿಲಲ್ಲಿ ಕೂರುವ 2 ವರ್ಷದೊಳಗಿನ ಕೂಸೂ ಅಂತರರಾಷ್ಟ್ರೀಯ ವಿಮಾನದಲ್ಲಿ ಸಾಮಾನ್ಯವಾಗಿ ಬಿಟ್ಟಿ ಅಲ್ಲ. ಕೆಲವರು ಮೈಲ್ಸ್‌ನ ಹತ್ತನೇ ಒಂದು ಭಾಗ ಕೇಳಿದರೆ, ಕೆಲವರು ನಗದು ದರದ ಹತ್ತನೇ ಒಂದು ಭಾಗ ಕೇಳುತ್ತಾರೆ. ಬಿಸಿನೆಸ್ ಕ್ಲಾಸಿನಲ್ಲಿ ಈ ಎರಡನೆಯದು ಎದೆ ನಡುಗಿಸುವ ಮೊತ್ತ.

ಹಾಗೆಂದು ಇಬ್ಬರು ದೊಡ್ಡವರನ್ನು ಒಂದು ಬುಕಿಂಗ್‌ನಲ್ಲಿ, ಮಕ್ಕಳನ್ನಷ್ಟೇ ಇನ್ನೊಂದರಲ್ಲಿ ಹಾಕಲು ಹೊರಟರೆ ಆನ್‌ಲೈನ್ ವ್ಯವಸ್ಥೆ ಒಪ್ಪದು. ಮಕ್ಕಳು ಒಂಟಿಯಾಗಿ ಹೊರಟಿದ್ದಾರೆ ಎಂದೇ ಅದು ಓದುತ್ತದೆ. ಮಕ್ಕಳ ನಗದು ಟಿಕೆಟಿನ ಜೊತೆ ಒಬ್ಬ ದೊಡ್ಡವರು ಇರಲಿ, ಇನ್ನೊಬ್ಬರು ಪಾಯಿಂಟ್‌ನಲ್ಲಿ ಬರಲಿ. ಆಮೇಲೆ ಕಂಪನಿಗೆ ಫೋನ್ ಮಾಡಿ ಎರಡೂ ಪಿಎನ್ಆರ್‌ಗಳಲ್ಲಿ ಒಂದರ ಸಂಖ್ಯೆಯನ್ನು ಇನ್ನೊಂದರಲ್ಲಿ ಬರೆಸಿ. ವಿಮಾನ ರದ್ದಾದಾಗ ಬೇರೆ ಬೇರೆ ವಿಮಾನಕ್ಕೆ ಹಾಕುವ ಸಾಧ್ಯತೆ ಇದರಿಂದ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಸೀಟು ಹುಡುಕುವಾಗ ನಾಲ್ಕು ಎಂದು ಒಮ್ಮೆ ಹಾಕಿ ಕೈಬಿಡಬೇಡಿ. ಕಡಿಮೆ ಪಾಯಿಂಟಿನ ದರದಲ್ಲಿ ಮೂರೇ ಸೀಟಿದ್ದರೆ ಕೆಲವು ವ್ಯವಸ್ಥೆಗಳು ನಾಲ್ವರಿಗೂ ಮೇಲಿನ ದರ ತೋರಿಸುತ್ತವೆ, ಕೆಲವು ‘ಲಭ್ಯವಿಲ್ಲ’ ಎಂದುಬಿಡುತ್ತವೆ. ಒಬ್ಬರಿಗೆ, ಇಬ್ಬರಿಗೆ, ಮೂವರಿಗೆ ಎಂದು ಬೇರೆ ಬೇರೆಯಾಗಿ ಹುಡುಕಿದರೆ ನಿಜ ಸಂಖ್ಯೆ ಹೊರಬೀಳುತ್ತದೆ. ರಜಾಕಾಲದ ಸೀಟಿಗೆ ಬುಕಿಂಗ್ ತೆರೆಯುವ ದಿನವೇ ಕೂತಿರಬೇಕು. ಬ್ರಿಟಿಷ್ ಏರ್‌ವೇಸ್‌ನಲ್ಲಿ ಅದು ಪ್ರಯಾಣಕ್ಕೆ 355 ದಿನ ಮೊದಲು.

ಸೀಟು ಕಣ್ಣಿಗೆ ಬಿದ್ದ ಮೇಲಷ್ಟೇ ಪಾಯಿಂಟ್ ವರ್ಗಾಯಿಸಿ. ಬ್ಯಾಂಕಿನಿಂದ ಹೋದ ಪಾಯಿಂಟ್ ಹಿಂದೆ ಬರುವುದಿಲ್ಲ. ಟಿಕೆಟ್ ರದ್ದು ಮಾಡಿದರೂ ಮೈಲ್ಸ್ ಮರಳುವುದು ವಿಮಾನ ಕಂಪನಿಯ ಖಾತೆಗೇ, ಶುಲ್ಕವೋ ತಲೆಗೊಂದರಂತೆ ನಾಲ್ಕು. ವರ್ಗಾವಣೆ ಕೆಲವೆಡೆ ನಿಮಿಷಗಳಲ್ಲಿ ಮುಗಿಯುತ್ತದೆ, ಕೆಲವೆಡೆ ದಿನಗಳು ಹಿಡಿಯುತ್ತವೆ, ಅಷ್ಟರಲ್ಲಿ ಸೀಟು ಬೇರೆಯವರ ಪಾಲು. ಎರಡೂ ಖಾತೆಗಳಲ್ಲಿ ಹೆಸರಿನ ಅಕ್ಷರ ಒಂದೇ ಇರಬೇಕು. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದು ವರ್ಗಾವಣೆ ಸಿಕ್ಕಿಕೊಳ್ಳುವುದುಂಟು. ದೊಡ್ಡ ಮೊತ್ತಕ್ಕೆ ಮೊದಲು ಕನಿಷ್ಠ ಪಾಯಿಂಟ್ ಕಳಿಸಿ ಸಮಯ ನೋಡಿಕೊಳ್ಳುವುದು ಜಾಣತನ. ಬ್ಯಾಂಕಿನಿಂದ ಮ್ಯಾರಿಯಟ್ ಹೋಟೆಲ್ ಸಮೂಹದ ಖಾತೆಗೆ, ಅಲ್ಲಿಂದ ವಿಮಾನ ಕಂಪನಿಗೆ ಎಂಬ ಸುತ್ತುದಾರಿ ನಷ್ಟದ್ದು: ಅಲ್ಲಿ ಸಾಮಾನ್ಯ ದರ 3 ಪಾಯಿಂಟಿಗೆ 1 ಮೈಲ್.

ಮನೆಯವರ ಪಾಯಿಂಟ್ ಒಂದೇ ಕಡೆ ಸೇರಿಸಬಹುದೇ? ಬ್ರಿಟಿಷ್ ಏರ್‌ವೇಸ್‌ನ ಹೌಸ್‌ಹೋಲ್ಡ್ ಖಾತೆಯಲ್ಲಿ ಒಟ್ಟು 7 ಮಂದಿ, ಫ್ಲೈಯಿಂಗ್ ಬ್ಲೂ ಕುಟುಂಬ ಖಾತೆಯಲ್ಲಿ 8 ಮಂದಿ ಸೇರಬಹುದು. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್‌ನಲ್ಲಿ 5 ಮಂದಿಯ ಹೆಸರು ನೋಂದಾಯಿಸಿ ಅವರಿಗೆ ಟಿಕೆಟ್ ತೆಗೆಯಬಹುದು; ಅದರ ಮೈಲ್ಸ್ 3 ವರ್ಷಕ್ಕೆ ಮುಗಿದುಹೋಗುತ್ತವೆ ಎಂಬುದು ನೆನಪಿರಲಿ.

ದೀರ್ಘ ಬಳಕೆಯಲ್ಲಿ ವಿಮಾನಕ್ಕಿಂತ ಹೋಟೆಲೇ ಕುಟುಂಬಕ್ಕೆ ಹೆಚ್ಚು ಒಗ್ಗುತ್ತದೆ, ಏಕೆಂದರೆ ಅಲ್ಲಿ ಲೆಕ್ಕ ತಲೆಗಲ್ಲ, ರೂಮಿಗೆ. ಮ್ಯಾರಿಯಟ್‌ನ ಲಾಯಲ್ಟಿ ಯೋಜನೆಯಾದ ಬಾನ್‌ವಾಯ್‌ನಲ್ಲಿ ಸತತ 5 ರಾತ್ರಿ ಪಾಯಿಂಟ್‌ನಲ್ಲೇ ತೆಗೆದರೆ 4 ರಾತ್ರಿಯ ಪಾಯಿಂಟಷ್ಟೇ ಹೋಗುತ್ತದೆ. ಹಿಲ್ಟನ್‌ನಲ್ಲಿ ಇದೇ ಸವಲತ್ತಿಗೆ ಕನಿಷ್ಠ ಸಿಲ್ವರ್ ದರ್ಜೆಯ ಸದಸ್ಯತ್ವ ಬೇಕು. ಹಿಲ್ಟನ್ ಮತ್ತು ಹಯಾತ್‌ಗಳು ಪೂರ್ತಿ ಪಾಯಿಂಟ್‌ನ ರಾತ್ರಿಗೆ ರೆಸಾರ್ಟ್ ಶುಲ್ಕ (ರೂಮಿನ ದರದ ಮೇಲೆ ಹೋಟೆಲ್ ಕೇಳುವ ದಿನದ ಶುಲ್ಕ) ಹಾಕುವುದಿಲ್ಲ, ಮ್ಯಾರಿಯಟ್ ಹಾಕುತ್ತದೆ. ಸ್ಟ್ಯಾಂಡರ್ಡ್ ರೂಮಿನಲ್ಲಿ ನಾಲ್ವರಿಗೆ ಅವಕಾಶ ಉಂಟೇ, ಹೆಚ್ಚುವರಿ ಹಾಸಿಗೆಗೆ ಎಷ್ಟು ಎಂದು ಹೋಟೆಲಿಗೇ ಬರೆದು ಉತ್ತರ ಇಟ್ಟುಕೊಳ್ಳಿ. ಬುಕಿಂಗ್ ಪುಟದಲ್ಲಿ ಇಬ್ಬರು ಎಂದು ಹಾಕಿ ನಾಲ್ವರು ಹೋಗಿ ನಿಂತರೆ ಕೌಂಟರಿನಲ್ಲಿ ಕಿರಿಕಿರಿ.

ಪ್ರವಾಸದಲ್ಲಿ ಕಾರ್ಡ್ ಯಂತ್ರ ‘ನಿಮ್ಮ ದೇಶದ ಹಣದಲ್ಲಿ ಕೊಡುವಿರಾ?’ ಎಂದು ಕೇಳಿದರೆ ಬೇಡ ಎನ್ನಿ, ಸ್ಥಳೀಯ ಹಣವನ್ನೇ ಒತ್ತಿ. ಕಾರ್ಡಿನ ವಿದೇಶಿ ಶುಲ್ಕ ಶೇ. 3ರ ಆಸುಪಾಸಿದ್ದರೆ ಗಳಿಸುವ ಪಾಯಿಂಟೆಲ್ಲ ಅದಕ್ಕೇ ಸರಿಹೋಯಿತು, ಶುಲ್ಕವಿಲ್ಲದ ಇನ್ನೊಂದು ಕಾರ್ಡ್ ಇಟ್ಟುಕೊಳ್ಳಿ. ಲೌಂಜ್ ಸವಲತ್ತು ಹೆಚ್ಚಿನ ಕಾರ್ಡ್‌ಗಳಲ್ಲಿ ಕಾರ್ಡುದಾರರಿಗೆ ಮಾತ್ರ; ನಾಲ್ವರಲ್ಲಿ ಒಬ್ಬರು ಒಳಗೆ, ಮೂವರು ಹೊರಗೆ ಆಗಬಾರದೆಂದರೆ ಅತಿಥಿ ಶುಲ್ಕ ಮೊದಲೇ ನೋಡಿ. ಪ್ರಯಾಣ ವಿಮೆ ಇದೆ ಎಂದು ಹೇಳುವ ಕಾರ್ಡ್‌ಗಳಲ್ಲಿ ಕೆಲವು ಪೂರ್ತಿ ದರ ಆ ಕಾರ್ಡಿನಲ್ಲೇ ಕೊಟ್ಟಿರಬೇಕು ಎನ್ನುತ್ತವೆ. ಪಾಯಿಂಟ್ ಟಿಕೆಟಿಗೆ ತೆರಿಗೆಯಷ್ಟೇ ಕಟ್ಟಿದ್ದರೆ ವಿಮೆ ಉಂಟೋ ಇಲ್ಲವೋ ನಿಯಮಾವಳಿ ಓದಿ.

ವಾರ್ಷಿಕ ಶುಲ್ಕ ಬರುವ ತಿಂಗಳಿಗೆ ಮುಂಚೆ ಹಿಂದಿನ 12 ತಿಂಗಳಲ್ಲಿ ನಿಜವಾಗಿ ಬಳಸಿದ ಪಾಯಿಂಟಿನ ಬೆಲೆ ಕೂಡಿಸಿ. ಖಾತೆಯಲ್ಲಿ ಬಿದ್ದಿರುವುದನ್ನು ಸೇರಿಸಬೇಡಿ. ಮೈಲ್ಸ್ ದರವನ್ನು ಕಂಪನಿಗಳು ಆಗಾಗ ಏರಿಸುತ್ತವೆ, ಕೂಡಿಟ್ಟದ್ದು ಬೆಳೆಯುವುದಿಲ್ಲ, ಸವೆಯುತ್ತದೆ. ಶುಲ್ಕ ಗಿಟ್ಟದಿದ್ದರೆ ಕಾರ್ಡ್ ಮುಚ್ಚಿಸಿ, ಆದರೆ ಮೊದಲು ಪಾಯಿಂಟ್ ವರ್ಗಾಯಿಸಿ ಅದು ಆಚೆ ಖಾತೆಯಲ್ಲಿ ಬಿದ್ದದ್ದನ್ನು ನೋಡಿ. ಆ ಬ್ಯಾಂಕಿನ ಬೇರೆ ರಿವಾರ್ಡ್ ಕಾರ್ಡ್ ಇಲ್ಲದಿದ್ದರೆ ಕಾರ್ಡಿನ ಜೊತೆಗೇ ಬ್ಯಾಂಕಿನಲ್ಲುಳಿದ ಪಾಯಿಂಟೂ ಸಾಮಾನ್ಯವಾಗಿ ಹೋಗುತ್ತದೆ. ವಿಮಾನ ಕಂಪನಿಯ ಖಾತೆ ಸೇರಿದ್ದು ಉಳಿಯುತ್ತದೆ.