ಮೂರರ ಬಾಯಿ ಮುಚ್ಚಿದರೆ ಎಂಟು

ಐದರಲ್ಲಿ ಎರಡು ಸ್ಟಾರ್. ಒಂದು ಮ್ಯಾಟ್‌ಗೆ, ಇನ್ನೊಂದು ಲೈಟಿಗೆ. ಮ್ಯಾನೇಜರಿಗೆ ಕೊಡೋಕೆ ನನ್ನ ಹತ್ತಿರ ಏನೂ ಉಳಿದಿಲ್ಲ.

ಇದು ನಾಲ್ಕು ಕೋರ್ಟಿನ ಒಳಾಂಗಣ ಬ್ಯಾಡ್ಮಿಂಟನ್ ಜಾಗ. ಬುಕಿಂಗ್ ಆ್ಯಪ್‌ನಲ್ಲಿ. ಬಾಗಿಲ ಪಕ್ಕದಲ್ಲೇ ಗಟ್ಟಿಂಗ್ ಕೌಂಟರ್ ಇದೆ, ರ‍್ಯಾಕೆಟ್ಟಿಗೆ ಗಟ್ ಅಂದರೆ ಎಳೆ ಹೆಣೆದು ಕೊಡುವ ಜಾಗ. ಎಂಟು ತಿಂಗಳಿಂದ ವಾರಕ್ಕೆ ಮೂರು ದಿನ, ಬೆಳಿಗ್ಗೆ 6 ರಿಂದ 7, ನಾವು ನಾಲ್ವರು ಇಲ್ಲಿ ಡಬಲ್ಸ್ ಆಡುತ್ತಿದ್ದೇವೆ. ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಲೈಟುಗಳು ತಲೆಯ ಮೇಲಿಲ್ಲ, ಪಕ್ಕದಲ್ಲಿವೆ. ಹೈ ಟಾಸ್ ಬಂದಾಗ ಕತ್ತೆತ್ತಿದರೆ ಕಣ್ಣು ಕುಕ್ಕುವುದಿಲ್ಲ, ಶಟಲ್ ಕಾಣುತ್ತದೆ. ಮ್ಯಾಟ್ ಜಾರುವುದಿಲ್ಲ. ನಲವತ್ತಾರರ ಮೊಣಕಾಲಿಗೆ ಅದು ಸಣ್ಣ ಮಾತಲ್ಲ.

ಈಗ ಚೀಟಿಯ ಕಥೆ.

ಒಂದು ಶನಿವಾರ ಸ್ಮ್ಯಾಷ್ ಹೊಡೆಯುವಾಗ ನನ್ನ ರ‍್ಯಾಕೆಟ್ಟಿನ ಗಟ್ ಕಿತ್ತುಹೋಯಿತು. ಒಂದು ಎಳೆ ಹೋದರೆ ಉಳಿದವನ್ನೂ ಆಗಲೇ ಕತ್ತರಿಸಿಬಿಡಬೇಕು. ಇಲ್ಲದಿದ್ದರೆ ಎಳೆತ ಒಂದೇ ಕಡೆ ಬಿದ್ದು ಫ್ರೇಮ್ ಸೊಟ್ಟಗಾಗುತ್ತದೆ. ಬ್ಯಾಗಿನಲ್ಲಿ ಅದಕ್ಕೇ ಅಂತ ಪುಟ್ಟ ಕತ್ತರಿ ಇಟ್ಟಿರುತ್ತೇನೆ. ಕತ್ತರಿಸಿ, ಕೌಂಟರಿಗೆ ಕೊಟ್ಟೆ. ಹುಡುಗಿ ಕೇಳಿದಳು, "ಎಷ್ಟು ಪೌಂಡ್ ಸಾರ್?" "23" ಅಂದೆ. ಗಟ್ ಎಷ್ಟು ಬಿಗಿಯಾಗಿ ಎಳೆಯಬೇಕು ಅನ್ನೋದರ ಲೆಕ್ಕ ಅದು. ನನ್ನ ಫ್ರೇಮ್ ಮೇಲೆ, ಹಿಡಿಕೆಗಿಂತ ಸ್ವಲ್ಪ ಮೇಲೆ, ಗರಿಷ್ಠ 24 ಅಂತ ಅಚ್ಚು ಹಾಕಿದೆ. ಬೆರಳಿಟ್ಟು ತೋರಿಸಿದೆ ಕೂಡ. ಅವಳು ಬರೆದುಕೊಂಡು ಕಾರ್ಬನ್ ಕಾಪಿ ಹರಿದು ಕೊಟ್ಟಳು.

ಮಂಗಳವಾರ ರ‍್ಯಾಕೆಟ್ ಕೈಗೆ ಬಂತು. ಅಂಗೈಗೆ ತಟ್ಟಿ ನೋಡಿದೆ. ಟಕ್ ಅನ್ನಬೇಕಿತ್ತು, ಟಿಣ್ ಅಂತು. ಅನುಮಾನ ಬಂತು, ಆದರೆ ಸಮಯ ಆಗಿಹೋಗಿತ್ತು, ಕೋರ್ಟಿಗೆ ಇಳಿದೆ. ಎರಡನೇ ಗೇಮಿನಲ್ಲಿ ಟಾಸ್ ಹೊಡೆದಾಗ ಒಣಕಡ್ಡಿ ಮುರಿದ ಹಾಗೆ ಸಣ್ಣ ಸದ್ದು. ನಿಲ್ಲಿಸಿ ನೋಡಿದರೆ ಫ್ರೇಮಿನ ಎಡ ಹೆಗಲಲ್ಲಿ ಬಣ್ಣ ಸೀಳಿ ಕೂದಲೆಳೆಯಷ್ಟು ಬಿರುಕು. ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಉಗುರು ಆಡಿಸಿದರೆ ಮಾತ್ರ ತಡೆಯುತ್ತಿತ್ತು.

ಕೌಂಟರಿಗೆ ಹೋದೆ. ಮ್ಯಾನೇಜರ್ ಇದ್ದರು. ಮೊಳೆಗೆ ಚುಚ್ಚಿದ್ದ ಚೀಟಿ ಕಂತೆಯಿಂದ ನನ್ನದನ್ನು ತೆಗೆದರು. ಅದರಲ್ಲಿ 28. ನನ್ನ ಕಾಪಿಯಲ್ಲಿ 23. ಎರಡನ್ನೂ ಒಂದರ ಪಕ್ಕ ಒಂದು ಇಟ್ಟರೆ ಏನಾಗಿದೆ ಅಂತ ಮಕ್ಕಳಿಗೂ ಗೊತ್ತಾಗುತ್ತದೆ. ಕಾಪಿ ಹರಿದ ಮೇಲೆ ಮೂಲ ಚೀಟಿಯ 3 ರ ಮೇಲೆ ಯಾರದೋ ಪೆನ್ನು ಇನ್ನೊಮ್ಮೆ ಆಡಿದೆ. ಮೂರರ ಎರಡು ಬಾಯಿಯೂ ಮುಚ್ಚಿದೆ. ಎಂಟಾಗಿದೆ. ಮೆಷಿನ್ ಮುಂದಿನ ಹುಡುಗ ಅದನ್ನೇ ಓದಿ ಎಳೆದಿದ್ದಾನೆ. ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವನಿಗೆ ಚೀಟಿಯೇ ವೇದ. ಆದರೂ ಗಟ್ಟಿಂಗ್ ಮಾಡುವವರು ಫ್ರೇಮ್ ಮೇಲಿನ ನಂಬರ್ ಒಂದು ಸಲ ನೋಡುವುದು ರೂಢಿ. ಹತ್ತು ಸೆಕೆಂಡಿನ ಕೆಲಸ.

ಮ್ಯಾನೇಜರ್ ಹೇಳಿದ ಮೊದಲ ಮಾತು: "ನೀವೇ ಎಲ್ಲೋ ನೆಲಕ್ಕೆ ಬಡಿದಿರ್ತೀರಿ ಸಾರ್."

"ಈ ಕಾಪಿ ನೋಡ್ರೀ" ಅಂದೆ.

"ಕಾರ್ಬನ್ ಮಸುಕಾಗಿದೆ. ನನಗೇನೂ ಕಾಣಿಸ್ತಿಲ್ಲ."

ಕಂಪನಿಗೆ ಬರೆದು ವಾರಂಟಿ ಕೇಳಿ ಅಂತ ಸಲಹೆ ಬೇರೆ. ಮಿತಿ ಮೀರಿ ಎಳೆದ ಫ್ರೇಮಿಗೆ ಕಂಪನಿಯವರು ವಾರಂಟಿ ಕೊಡುವುದಿಲ್ಲ ಅನ್ನೋದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಕೊನೆಗೆ ದೊಡ್ಡ ಮನಸ್ಸು ಮಾಡಿ, "ಮುಂದಿನ ಗಟ್ಟಿಂಗ್ ಫ್ರೀ ಮಾಡಿಕೊಡ್ತೀವಿ" ಅಂದರು. ಒಡೆದ ಫ್ರೇಮಿಗೆ!

ಅವರ ಕಣ್ಣಿನ ವಿಷಯ ಬಂದಿದ್ದರಿಂದ ಅದರ ಹಿಂದಿನ ಗುರುವಾರದ್ದನ್ನೂ ಹೇಳಲೇಬೇಕು. ಅವತ್ತು ನಮ್ಮಲ್ಲಿ ಇಬ್ಬರು ಬಂದಿರಲಿಲ್ಲ. ಈ ಮ್ಯಾನೇಜರ್ ಒಬ್ಬ ಕಾಲೇಜು ಹುಡುಗನನ್ನು ಕರೆದುಕೊಂಡು ನಮ್ಮ ಎದುರು ಆಡಿದರು. ಆಟ ಚೆನ್ನಾಗಿಯೇ ಆಡುತ್ತಾರೆ, ಸುಳ್ಳು ಹೇಳಬಾರದು. ಬ್ಯಾಕ್‌ಹ್ಯಾಂಡ್ ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ಮೂರನೇ ಗೇಮ್, 18-18. ನನ್ನ ಪಾರ್ಟ್ನರ್ ಹಿಂದಿನ ಗೆರೆಗೆ ಸರಿಯಾಗಿ ಇಳಿಯುವ ಹಾಗೆ ಎತ್ತಿ ಹಾಕಿದರು. ಮ್ಯಾನೇಜರ್ ನೆಟ್ ಹತ್ತಿರ ಇದ್ದರು, ಬೆನ್ನು ಆ ಕಡೆಗಿತ್ತು. ಶಟಲ್ ಇನ್ನೂ ಗಾಳಿಯಲ್ಲಿದೆ, ಇವರ ಎರಡೂ ಕೈ ಅಗಲವಾಯಿತು: "ಔಟ್!" ಬಿದ್ದದ್ದು ಗೆರೆಯ ಮೇಲೆ. ಕೋರ್ಟಿನ ಗೆರೆ 40 ಮಿಲಿಮೀಟರ್ ಅಗಲ, ಅದರಲ್ಲಿ ಎಲ್ಲಿ ತಾಕಿದರೂ ಒಳಗೇ.

"ಗೆರೆ ಮೇಲೆ ಬಿತ್ತಲ್ಲ?" ಅಂದೆ.

"ನಾನು ನೋಡಿದ್ದೀನಿ ಸಾರ್. ಎರಡಿಂಚು ಹೊರಗೆ."

ಬೆನ್ನ ಹಿಂದೆ ಅಷ್ಟು ದೂರದಲ್ಲಿ ಬಿದ್ದ ಶಟಲ್ ಇಂಚು ಲೆಕ್ಕದಲ್ಲಿ ಕಂಡಿತ್ತು. ಐದು ದಿನ ಬಿಟ್ಟು, ಮೂಗಿನ ಕೆಳಗೆ ಹಿಡಿದ 3 ಕಾಣಿಸಲಿಲ್ಲ.

ಅಂಪೈರ್ ಇಲ್ಲದ ಆಟದಲ್ಲಿ ಅವರವರ ಕಡೆಯ ಗೆರೆ ಅವರವರೇ ಹೇಳಬೇಕು, ಅನುಮಾನ ಇದ್ದರೆ ಎದುರಿನವರಿಗೆ ಕೊಡಬೇಕು, ಇಲ್ಲಾಂದ್ರೆ ಲೆಟ್ ಅಂತ ಮತ್ತೆ ಆಡಬೇಕು. ನಾವೆಲ್ಲ ಹಾಗೇ ಕಲಿತದ್ದು. ಇವರು ಅಷ್ಟಕ್ಕೇ ನಿಲ್ಲಲಿಲ್ಲ. ಸರ್ವ್‌ಗೆ ಮುಂಚೆ ಗೋಡೆ ಕಡೆ ತಿರುಗಿ ಶಟಲಿನ ಗರಿಗಳ ತುದಿಯನ್ನು ಒಳಕ್ಕೆ ಒತ್ತಿದರು. ಹದಿನಾರು ಗರಿ, ಎಲ್ಲ ಸೇರಿ ಐದು ಗ್ರಾಂ ಆಸುಪಾಸಿನ ವಸ್ತು ಅದು. ತುದಿ ಸ್ವಲ್ಪ ಒಳಗೆ ಬಾಗಿದರೂ ವೇಗ ಜಾಸ್ತಿಯಾಗುತ್ತದೆ. ನಾನು ಎತ್ತಿ ಹಾಕಿದ್ದೆಲ್ಲ ಹೊರಗೆ ಹೋಯಿತು. ಆಗ ಮಾತ್ರ ಅವರು "ಔಟ್" ಅಂದದ್ದು ನಿಜ. ಟೂರ್ನಮೆಂಟಿನಲ್ಲಿ ಹೀಗೆ ಬೇಕಂತಲೇ ಮಾಡಿದರೆ ಹಳದಿ ಕಾರ್ಡ್, ಮತ್ತೆ ಮಾಡಿದರೆ ಕೆಂಪು, ಅದಕ್ಕೆ ಎದುರಿನವರಿಗೆ ಪಾಯಿಂಟ್. 2012 ರ ಲಂಡನ್ ಒಲಿಂಪಿಕ್ಸಿನಲ್ಲಿ ಬೇಕಂತಲೇ ಸೋಲಲು ನೋಡಿದರು ಅಂತ ಮಹಿಳಾ ಡಬಲ್ಸಿನ ನಾಲ್ಕು ಜೋಡಿಗಳನ್ನು ಮನೆಗೇ ಕಳಿಸಿದ್ದರು. ಇಲ್ಲಿ ಯಾರಿಗೆ ದೂರು ಕೊಡೋದು? ದೂರು ತೆಗೆದುಕೊಳ್ಳುವವರೇ ಗರಿ ಒತ್ತುತ್ತಿದ್ದಾರೆ.

ನನಗೆ ಇದೆಲ್ಲಕ್ಕಿಂತ ಜಾಸ್ತಿ ಬೇಜಾರಾಗಿದ್ದು ಇನ್ನೊಂದು. ಅವರ ಪಾರ್ಟ್ನರ್ ಹುಡುಗ ಒಂದು ಸುಲಭದ ಶಾಟ್ ನೆಟ್ಟಿಗೆ ಹಾಕಿದ. "ಕಣ್ಣಿಲ್ವೇನೋ ನಿಂಗೆ?" ಅಂತ ಎಲ್ಲರ ಮುಂದೆ ಕೂಗಿದರು. ಹುಡುಗ ಆಮೇಲೆ ಒಂದು ಶಾಟ್ ಕೂಡ ಧೈರ್ಯವಾಗಿ ಹೊಡೆಯಲಿಲ್ಲ. ಗೇಮ್ ಮುಗಿದಾಗ ನೆಟ್ ಮೇಲಿಂದ ಕೈ ಕೊಡಲು ಬಂದವನು ಅವನೊಬ್ಬನೇ. ಗೆದ್ದವರು ಆಗಲೇ ಫೋನ್ ನೋಡುತ್ತಿದ್ದರು.

ನನ್ನ ಅಪ್ಪ ಕ್ರಿಕೆಟ್ಟಿನವರು. ವಿಶಿ ಕಥೆ ಎಷ್ಟು ಸಲ ಹೇಳಿದ್ದಾರೋ. 1980 ರ ಜುಬಿಲಿ ಟೆಸ್ಟ್, ವಾಂಖೆಡೆ ಮೈದಾನ. ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಾಗಿತ್ತು. ಬ್ಯಾಟಿಗೆ ತಾಕಿಲ್ಲ ಅಂತ ಕ್ಯಾಪ್ಟನ್ ವಿಶ್ವನಾಥ್ ಅವರನ್ನು ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ ಸೇರಿ 171 ರನ್ ಜೊತೆಯಾಟ ಆಡಿದರು, ನಾವು ಹತ್ತು ವಿಕೆಟ್‌ನಿಂದ ಸೋತೆವು. "ಅಷ್ಟೊಂದು ಒಳ್ಳೆಯವನಾಗೋ ಅಗತ್ಯ ಏನಿತ್ತು?" ಅಂತ ಬೈಯುತ್ತಲೇ ಅಪ್ಪ ಈ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ದನಿಯಲ್ಲಿ ಸಿಟ್ಟಂತೂ ಇರುತ್ತಿರಲಿಲ್ಲ.

ನಾನೇನು ವಿಶಿ ಅಲ್ಲ. ಹೋದ ವರ್ಷ 19-19 ಇದ್ದಾಗ ಹೊರಗೆ ಹೋಗುತ್ತಿದ್ದ ಶಟಲ್ ನನ್ನ ರ‍್ಯಾಕೆಟ್ಟಿನ ಅಂಚಿಗೆ ಸೋಕಿತ್ತು. ಯಾರಿಗೂ ಕೇಳಿಸಲಿಲ್ಲ. ನಾನೂ ಸುಮ್ನಿದ್ದೆ. ಗೆದ್ದ ಮೇಲೆ ನೀರು ಕುಡಿಯುವಾಗ ಹೇಳಿದೆ, ಅವರು ನಕ್ಕುಬಿಟ್ಟರು. ಆ ನಗು ಈಗಲೂ ಸ್ವಲ್ಪ ಚುಚ್ಚುತ್ತದೆ. ಚೀಟಿಯ ದಿನವೂ ಅಷ್ಟೇ, ಮ್ಯಾನೇಜರ್ ಮೇಲಿನ ಸಿಟ್ಟನ್ನು ಕೌಂಟರಿನ ಹುಡುಗಿಯ ಮೇಲೆ ತೀರಿಸಿಕೊಂಡೆ. ಚೀಟಿ ಅವಳೇ ಬರೆದದ್ದು ನಿಜ, ಆದರೆ ಆ ದನಿ ಬೇಕಿರಲಿಲ್ಲ. ಬಾಗಿಲವರೆಗೆ ಹೋದವನು ವಾಪಸ್ ಬಂದು "ತಪ್ಪಾಯ್ತಮ್ಮ" ಅಂದೆ. "ನಂದೂ ಇರಬಹುದು ಸಾರ್, ತಿದ್ದಿದ್ದು ನೆನಪಿಲ್ಲ" ಅಂದಳು, ಸಣ್ಣ ದನಿಯಲ್ಲಿ, ಮ್ಯಾನೇಜರ್ ಇದ್ದ ಕಡೆ ಒಮ್ಮೆ ನೋಡಿ. ಆ ಇಡೀ ಜಾಗದಲ್ಲಿ ಹಾಗೆ ಹೇಳಿದವಳು ಅವಳೊಬ್ಬಳೇ. ಅವಳಿಗೆ ಸ್ಟಾರ್ ಕೊಡುವ ವ್ಯವಸ್ಥೆ ಆ್ಯಪ್‌ನಲ್ಲಿ ಇಲ್ಲ.

ಆ್ಯಪ್‌ನಲ್ಲಿ ಎರಡು ಚೀಟಿಯ ಫೋಟೋ ಸಮೇತ ದೂರು ಹಾಕಿದೆ. ಯಾರೂ ಫೋನ್ ಮಾಡಲಿಲ್ಲ. ನಾಲ್ಕನೇ ದಿನ ಮೆಸೇಜ್ ಬಂತು: "ನಿಮ್ಮ ಸಮಸ್ಯೆಯನ್ನು ಪರಿಹರಿಸಲಾಗಿದೆ." ಅದರ ಕೆಳಗೇ ಐದು ಖಾಲಿ ಸ್ಟಾರ್, ನಮ್ಮ ಸೇವೆ ಹೇಗಿತ್ತು ಅಂತ. ಈ ವಿಮರ್ಶೆ ಬರೆಯಲು ಕೂತಿದ್ದು ಆಗಲೇ.

ಕೋರ್ಟ್ ಬಿಡುತ್ತೀರಾ ಅಂತ ಕೇಳಬೇಡಿ. ತಿಂಗಳ ಕೊನೆಯವರೆಗೆ ಬುಕಿಂಗ್ ಇದೆ, ಆ ಲೈಟು ಇನ್ನೆಲ್ಲೂ ಸಿಗುವುದಿಲ್ಲ. ಮ್ಯಾನೇಜರ್ ಎದುರು ಮಾತ್ರ ಆಡುವುದಿಲ್ಲ. ಹೊಸ ರ‍್ಯಾಕೆಟ್ ತೆಗೆದುಕೊಂಡು ಗಟ್ಟಿಂಗ್‌ಗೆ ಬೇರೆ ಕಡೆ ಕೊಟ್ಟಿದ್ದೇನೆ. ಚೀಟಿ ಬರೆಯುವವರ ಕೈಯಿಂದ ಪೆನ್ನು ಇಸಿದುಕೊಂಡು ನಾನೇ ಬರೆದೆ, ಅಕ್ಷರದಲ್ಲಿ: ಇಪ್ಪತ್ಮೂರು.