ಟೆಕ್ಸ್‌ಟೈಲ್ ಓದ್ತಾ ಇದ್ದೀರಾ? ಪೋಸೆಲ್ಟ್ ಪುಸ್ತಕ ನೋಡಿ, ಪುಕ್ಕಟೆ ಸಿಗುತ್ತವೆ

ದಾವಣಗೆರೆಯಲ್ಲಿ ಟೆಕ್ಸ್‌ಟೈಲ್ ಬಿ.ಇ. ಓದುವ ಮಕ್ಕಳಿಗೆ ಇದನ್ನು ಹೇಳಲೇಬೇಕು ಅನ್ನಿಸಿತು. ಎಮ್ಯಾನುಯೆಲ್ ಆಂಟನಿ ಪೋಸೆಲ್ಟ್ ಅಂತ, 1880ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜವಳಿ ವಿದ್ಯೆ ಕಲಿಸುತ್ತಿದ್ದ ಮೇಷ್ಟ್ರು. ಅವರ ಪಠ್ಯಪುಸ್ತಕಗಳನ್ನು ಅರಿಜೋನಾ ವಿಶ್ವವಿದ್ಯಾಲಯದ ನೇಯ್ಗೆ ಸಂಗ್ರಹದಲ್ಲಿ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಈ ಸಂಗ್ರಹ ಕಟ್ಟಿದ ರಾಲ್ಫ್ ಗ್ರಿಸ್ವೋಲ್ಡ್ ಕಂಪ್ಯೂಟರ್ ಸೈನ್ಸ್ ಪ್ರೊಫೆಸರ್ ಆಗಿದ್ದವರು, ಸ್ನೋಬಾಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದವರಲ್ಲಿ ಒಬ್ಬರು. ಅಂಥವರಿಗೆ ಮಗ್ಗದ ಮೇಲೆ ಎಷ್ಟು ಪ್ರೀತಿ ಇತ್ತು ನೋಡಿ!

ನನಗೆ ಜಾಸ್ತಿ ಇಷ್ಟವಾಗಿದ್ದು ಚಿತ್ರಗಳು. ಚೌಕುಳಿ ಹಾಳೆಯಲ್ಲಿ ತುಂಬಿದ ಚೌಕ ಅಂದರೆ ಹಾಸಿನ (ಉದ್ದದ) ಎಳೆ ಮೇಲೆ, ಖಾಲಿ ಅಂದರೆ ಹೊಕ್ಕಿನದು (ಅಡ್ಡದ್ದು) ಮೇಲೆ. ಎರಡು ತುಂಬಿ, ಎರಡು ಖಾಲಿ ಬಿಟ್ಟು, ಮುಂದಿನ ಸಾಲಿನಲ್ಲಿ ಒಂದು ಚೌಕ ಪಕ್ಕಕ್ಕೆ ಸರಿಸುತ್ತಾ ಹೋದರೆ ಓರೆ ಗೆರೆ ತಾನಾಗೇ ಮೂಡುತ್ತದೆ, ಅದೇ ಟ್ವಿಲ್. ಕ್ಲಾಸಿನಲ್ಲಿ ಸುಮ್ನೆ ಬಾಯಿಪಾಠ ಮಾಡಿದ್ದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ನೂಲಿನ ಲೆಕ್ಕವೂ ಹಳತಾಗಿಲ್ಲ. ಒಂದು ಪೌಂಡ್ ಹತ್ತಿ ನೂಲಿನಲ್ಲಿ 840 ಗಜದ ಲಡಿ ಎಷ್ಟು ಬರುತ್ತವೋ ಅದೇ ಕೌಂಟ್, ಅಂದರೆ ನೂಲು ಎಷ್ಟು ಸಣ್ಣ ಅಂತ ಹೇಳುವ ಅಂಕಿ, ಇವತ್ತಿಗೂ ಅಷ್ಟೇ ಅಲ್ವಾ?

ಕೊರತೆ ಇದೆ. ಫೈಲುಗಳು ಭಾರ, ಮೊಬೈಲಿನಲ್ಲಿ ಓದುವುದು ಕಷ್ಟ. ಏರ್‌ಜೆಟ್, ರೇಪಿಯರ್‌ನಂಥ ಲಾಳಿಯಿಲ್ಲದ ಈಗಿನ ಮಗ್ಗಗಳಿಗೆ ಬೇರೆ ಪುಸ್ತಕವೇ ಬೇಕು. ಯಂತ್ರದ ಅಧ್ಯಾಯ ಆಮೇಲೆ ನೋಡಿದರಾಯಿತು, ಮೊದಲು ವಿನ್ಯಾಸದ ಪುಸ್ತಕ ತೆಗೆದು, ಪೆನ್ಸಿಲ್ ಹಿಡಿದು ಒಂದೊಂದೇ ಚೌಕ ತುಂಬುತ್ತಾ ಕೂತುಕೊಳ್ಳಿ.