ಇಂಜಿನ್ ಆಫ್ ಮಾಡದೆ ಪೆಟ್ರೋಲ್ ಹಾಕದ ಬಂಕ್

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೂಲ್ಕಿ ದಾಟಿ ಉಡುಪಿಯ ಕಡೆಗೆ ಹೋಗುವಾಗ ಎಡಬದಿಗೆ ಸಿಗುವ ಪೆಟ್ರೋಲ್ ಬಂಕೊಂದರಲ್ಲಿ ನಾನು ಬಹಳ ಕಾಲದಿಂದ ಕಾರಿಗೆ ಪೆಟ್ರೋಲ್ ಹಾಕಿಸುತ್ತಿದ್ದೇನೆ. ಈ ಬಂಕಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಇಂಜಿನ್ ಆಫ್ ಆಗುವವರೆಗೆ ಇಲ್ಲಿಯ ಹುಡುಗರು ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕುವುದಿಲ್ಲ ಎಂಬುದೇ ಅದಕ್ಕೆ ಮುಖ್ಯ ಕಾರಣ. ಮೇ ತಿಂಗಳ ಸೆಕೆಯಲ್ಲಿ, ಹಿಂದಿನ ಸೀಟಿನಲ್ಲಿ ಮಗು ಮಲಗಿದೆ, ಎ.ಸಿ. ಇರಲಿ ಎಂದು ಕೇಳಿಕೊಂಡವರಿಗೂ “ಗಾಡಿ ಬಂದ್ ಮಲ್ಪುಲೆ ಅಣ್ಣಾ” (ತುಳುವಿನಲ್ಲಿ, ಗಾಡಿ ಆಫ್ ಮಾಡಿ ಅಣ್ಣಾ) ಎಂಬ ಉತ್ತರವೇ ಸಿಗುತ್ತದೆ. ಮಾತಿನಲ್ಲಿ ಒರಟುತನವಿಲ್ಲ, ಆದರೆ ನಾಝಲ್ ಮಾತ್ರ ಪಂಪಿನಿಂದ ಮೇಲೇಳುವುದಿಲ್ಲ.

ಇದನ್ನು ಅನಗತ್ಯ ಕಟ್ಟುನಿಟ್ಟೆಂದು ಭಾವಿಸುವವರು ಅನೇಕರಿದ್ದಾರೆ. ಇಂಜಿನ್ ಓಡುತ್ತಿರುವಾಗ ಪೆಟ್ರೋಲ್ ಹಾಕಿದರೆ ಪ್ರತಿ ಬಾರಿಯೂ ಬೆಂಕಿ ಹತ್ತಿಕೊಳ್ಳುವುದಿಲ್ಲ ಎಂಬುದು ನಿಜ. ಸುಸ್ಥಿತಿಯಲ್ಲಿರುವ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿ ಸಿಲಿಂಡರಿನ ಒಳಗೇ ಉಳಿಯುತ್ತದೆ, ಟ್ಯಾಂಕಿನ ಬಾಯಿಗೂ ಇಂಜಿನ್ನಿಗೂ ನಡುವೆ ಸಾಕಷ್ಟು ಅಂತರವೂ ಇರುತ್ತದೆ. ಆದರೆ ಉರಿಯುವುದು ದ್ರವವಲ್ಲ, ಅದರ ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳಲು ಸಾಕಾಗುವಷ್ಟು ಆವಿಯನ್ನು ಪೆಟ್ರೋಲ್ ಬಿಡುತ್ತದೆ. ನಮ್ಮ ಕರಾವಳಿಯ ಬಿಸಿಲಿನಲ್ಲಿ ಅದರ ಪ್ರಮಾಣ ಎಷ್ಟಿರಬಹುದೆಂದು ಊಹಿಸಿಕೊಳ್ಳಬಹುದು. ಬರಿದಾದ ಟ್ಯಾಂಕಿಗೆ 30 ಲೀಟರ್ ಪೆಟ್ರೋಲ್ ಇಳಿದರೆ, ಅಲ್ಲಿ ತುಂಬಿಕೊಂಡಿದ್ದ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಆವಿ ಬೆರೆತ ಗಾಳಿ ಹೊರಗೆ ಬರಬೇಕಾಗುತ್ತದೆ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ಮೇಲಕ್ಕೆ ಹಾರಿಹೋಗದೆ ನೆಲದ ಮಟ್ಟದಲ್ಲಿ, ಅಂದರೆ ಕಾರಿನ ಅಡಿಯಲ್ಲಿಯೇ ಹರಡಿಕೊಳ್ಳುತ್ತದೆ. ಸೈಲೆನ್ಸರ್ ಮತ್ತು ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದೂ ಅಲ್ಲಿಯೇ. ಓಡುತ್ತಿರುವ ಇಂಜಿನ್ನಿನ ಕನ್ವರ್ಟರ್ 400 ಡಿಗ್ರಿಗಿಂತಲೂ ಹೆಚ್ಚು ಬಿಸಿಯಾಗಿರಬಹುದು. ಪೆಟ್ರೋಲಿನ ಆವಿ ಕಿಡಿಯಿಲ್ಲದೆ ತಾನಾಗಿಯೇ ಹೊತ್ತಿಕೊಳ್ಳಲು 300 ಡಿಗ್ರಿಯ ಆಸುಪಾಸಿನ ಬಿಸಿ ಸಾಕು.

ಇಂಜಿನ್ ಆಫ್ ಮಾಡಿದ ಕೂಡಲೇ ಆ ಭಾಗಗಳು ತಣ್ಣಗಾಗುವುದಿಲ್ಲ ಎಂಬ ಆಕ್ಷೇಪವೂ ಸರಿಯೇ. ಆದರೆ ಬಿಸಿ ಅನಿಲ ಹೊರಬರುವುದು ನಿಲ್ಲುತ್ತದೆ, ಹಳೆಯ ಕಾರುಗಳ ಸವೆದ ವೈರಿನಲ್ಲಿ ಹಾಗೂ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನಲ್ಲಿ ಕಿಡಿ ಏಳುವ ಸಾಧ್ಯತೆ ಇಲ್ಲವಾಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಗೇರಿನಲ್ಲಿದ್ದ ಕಾರು ಕ್ಲಚ್ಚಿನಿಂದ ಕಾಲು ಜಾರಿ ನಾಝಲ್ ಸಮೇತ ಮುಂದಕ್ಕೆ ಚಲಿಸುವ ಅಪಾಯ ತಪ್ಪುತ್ತದೆ. ಸಿಗ್ನಲ್ಲಿನಲ್ಲಿ ತಾನೇ ನಿಂತು ತಾನೇ ಶುರುವಾಗುವ ಇಂಜಿನ್ನಿನ ಹೊಸ ಕಾರುಗಳು ಈಗ ಬಹಳ ಬಂದಿವೆ. ಅವುಗಳಲ್ಲಿ ಸದ್ದು ನಿಂತಿತೆಂದರೆ ಇಂಜಿನ್ ಆಫ್ ಆಯಿತೆಂದು ತಿಳಿಯುವಂತಿಲ್ಲ. ಇಲ್ಲಿಯ ಹಿರಿಯ ಸಿಬ್ಬಂದಿಯೊಬ್ಬರು ಕಿಟಕಿಯಿಂದ ಬಗ್ಗಿ ಡ್ಯಾಶ್‌ಬೋರ್ಡಿನ ದೀಪ ಆರಿದೆಯೇ ಎಂದು ನೋಡಿದ ಮೇಲೆಯೇ ಮೀಟರಿನ ಸೊನ್ನೆಯನ್ನು ತೋರಿಸುತ್ತಾರೆ.

ಅವರು ಪೆಟ್ರೋಲ್ ಹಾಕುವ ರೀತಿಯನ್ನೂ ಗಮನಿಸಬೇಕು. ನಾಝಲ್ಲಿನ ತುದಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಏರಿಬಂದ ಪೆಟ್ರೋಲ್ ಅದನ್ನು ಮುಚ್ಚಿದಾಗ ಒಳಗಿನ ಒತ್ತಡ ಬದಲಾಗಿ ಹರಿವು ‘ಟಕ್’ ಎಂದು ನಿಲ್ಲುತ್ತದೆ. ಅನೇಕ ಕಡೆ ಆ ಮೇಲೂ ಮೊತ್ತವನ್ನು ಸಮ ಮಾಡುವುದಕ್ಕಾಗಿ ಒತ್ತಿ ಒತ್ತಿ ತುಂಬಿಸುತ್ತಾರೆ. ಪೆಟ್ರೋಲ್ ಕಾರಿನ ಮೈಮೇಲೆ ಚೆಲ್ಲುವುದು ಆಗಲೇ. ಇಲ್ಲಿ ಟಕ್ ಎಂದರೆ ಮುಗಿಯಿತು. ಕೊನೆಯ ಹನಿಗಳು ಟ್ಯಾಂಕಿನೊಳಗೆ ಇಳಿಯುವವರೆಗೆ ಕಾದು, ತುದಿಯನ್ನು ಮೇಲ್ಮುಖವಾಗಿ ತಿರುಗಿಸಿ ನಾಝಲ್ ಹೊರತೆಗೆಯುತ್ತಾರೆ. ಮುಚ್ಚಳ ಬಿಗಿದ ಮೇಲೆಯೇ “ಸ್ಟಾರ್ಟ್ ಮಾಡಿ” ಎನ್ನುತ್ತಾರೆ, ಏಕೆಂದರೆ ಸ್ಟಾರ್ಟರ್ ಮೋಟಾರಿನಲ್ಲಿಯೂ ಕಿಡಿ ಏಳುತ್ತದೆ. ಬೈಕಿನವರನ್ನು ಇಳಿಸಿಯೇ ಪೆಟ್ರೋಲ್ ಹಾಕುವುದೂ ನನಗೆ ಮೆಚ್ಚುಗೆಯಾಯಿತು. ಬೈಕಿನ ಟ್ಯಾಂಕ್ ತೊಡೆಗಳ ನಡುವೆ, ಬಿಸಿ ಇಂಜಿನ್ನಿನ ನೇರ ಮೇಲೆ ಇರುತ್ತದೆ.

ಮಂಗಳೂರು ನಗರದೊಳಗಿನ ಇನ್ನೊಂದು ಬಂಕಿನಲ್ಲಿ, ಕಚೇರಿ ಬಿಡುವ ಹೊತ್ತಿನ ಸಾಲಿನಲ್ಲಿ, ನನ್ನ ಮುಂದಿದ್ದ ಕಾರಿಗೆ ಎ.ಸಿ. ಓಡುತ್ತಿರುವಾಗಲೇ ಪೆಟ್ರೋಲ್ ಹಾಕುತ್ತಿದ್ದರು. ನಾನು ಹೇಳಿದಾಗ “ಏನೂ ಆಗುವುದಿಲ್ಲ ಸರ್, ದಿನಾ ಹಾಕ್ತೇವೆ” ಎಂದರು. ‘ಇಂಜಿನ್ ಆಫ್ ಮಾಡಿ’ ಎಂಬ ಫಲಕ ಅವರ ತಲೆಯ ಮೇಲೆಯೇ ಇತ್ತು. ದಿನವೂ ನೂರಾರು ಗಾಡಿಗಳು ಬರುವ ಜಾಗದಲ್ಲಿ, ಪೆಟ್ರೋಲ್ ಚೆಲ್ಲುವುದೂ ಕಿಡಿ ಏಳುವುದೂ ಒಂದೇ ಗಳಿಗೆಗೆ ಕೂಡಿಬರಲು ಅವಕಾಶ ಕೊಡಬಾರದೆಂದೇ ಆ ನಿಯಮವಿದೆ. ಬೆಂಕಿ ಹತ್ತಿದರೆ ಮೊದಲು ಸುಡುವುದು ನಾಝಲ್ ಹಿಡಿದ ಕೈಯನ್ನೇ.

ಉಳಿದ ಸೌಕರ್ಯಗಳು ಸಾಧಾರಣ. ಕೇಳಿದರೆ ಮುದ್ರೆಯೊತ್ತಿದ 5 ಲೀಟರ್ ಅಳತೆಪಾತ್ರೆಯಲ್ಲಿ ಅಳೆದು ತೋರಿಸುತ್ತಾರೆ, ಶೌಚಾಲಯ ಸ್ವಚ್ಛವಾಗಿದೆ, ಗಾಳಿ ತುಂಬುವ ಯಂತ್ರ ಮಾತ್ರ ಆಗಾಗ ಕೆಟ್ಟಿರುತ್ತದೆ.

ಒಂದು ಅಂಕ ಕಡಿತಗೊಳಿಸಿದ್ದು ಡೀಸೆಲ್ ಪಂಪಿನ ಕಾರಣಕ್ಕೆ. ಅಲ್ಲಿ ಸರ್ವಿಸ್ ಬಸ್ಸುಗಳೂ ಟಿಪ್ಪರುಗಳೂ ಇಂಜಿನ್ ಓಡಿಸಿಕೊಂಡೇ ನಿಲ್ಲುತ್ತವೆ, ಯಾರೂ ಕೇಳುವುದಿಲ್ಲ. ಡೀಸೆಲ್ ಪೆಟ್ರೋಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲವೆಂಬುದು ನಿಜವೇ ಆದರೂ ಪಕ್ಕದಲ್ಲೇ ಪೆಟ್ರೋಲ್ ಪಂಪಿದೆ. ಗಾಳಿಯೊಡನೆ ಪೆಟ್ರೋಲಿನ ಆವಿಯನ್ನು ಎಳೆದುಕೊಂಡ ಡೀಸೆಲ್ ಇಂಜಿನ್, ಕೀ ತಿರುಗಿಸಿದರೂ ನಿಲ್ಲದೆ ವೇಗ ಹೆಚ್ಚಿಸಿಕೊಳ್ಳುವ ಸಾಧ್ಯತೆಯೂ ಇದೆ. ಮ್ಯಾನೇಜರರಲ್ಲಿ ಈ ಬಗ್ಗೆ ಕೇಳಿದಾಗ, ಬಸ್ಸಿನವರಿಗೆ ಟೈಮಿಂಗ್ ತಪ್ಪುತ್ತದೆ, ಅವರು ಜಗಳಕ್ಕೆ ಬರುತ್ತಾರೆ ಎಂದರು. ಮಗು ಮಲಗಿದ್ದ ಕಾರಿಗೆ ವಿನಾಯಿತಿ ಕೊಡದವರು ಪ್ರಯಾಣಿಕರು ತುಂಬಿದ ಬಸ್ಸಿಗೆ ಕೊಡುವುದನ್ನು ನಾನು ಒಪ್ಪಲಾರೆ. ಆ ಪಂಪಿನಲ್ಲಿಯೂ ಇದೇ ನಿಯಮ ಜಾರಿಗೆ ಬಂದ ದಿನ ಐದನೆಯ ಅಂಕವನ್ನೂ ಸೇರಿಸುತ್ತೇನೆ.